ಅಡುಗೆಯವರನ್ನೂ ವೇದಿಕೆಗೆ ಕರೆಯಿರಿ
ಶಿಕ್ಷಕರ ದಿನದಂದು ಊರಿನವರೆಲ್ಲ ಸೇರಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಸನ್ಮಾನಿಸಿದ ಬಗೆಯನ್ನು ನಿಮ್ಮ ಪತ್ರಿಕೆಯ ಲೇಖನ ಸೊಗಸಾಗಿ ವಿವರಿಸಿದೆ. ಆದರೆ ಬಿಸಿಯೂಟದ ಅಡುಗೆಯವರ ಪ್ರಸ್ತಾಪವೇ ಇಲ್ಲದಿರುವುದು ಬೇಸರ ತಂದಿತು. ರಾಜ್ಯದಲ್ಲಿ 2002ರಲ್ಲಿ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ ಆರಂಭವಾದಾಗಿನಿಂದ ಈ ಕೆಲಸವನ್ನು ಹೊತ್ತಿರುವವರು ಬಹುತೇಕ ಊರಿನ ಹೆಣ್ಣುಮಕ್ಕಳೇ. 2013ರಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂದ ಮೇಲಂತೂ ಅವರ ಒಲೆ ಇನ್ನೂ ಬೇಗ ಹೊತ್ತಿಕೊಳ್ಳಬೇಕು. ಹಾಲಿನ ಪುಡಿಯನ್ನು ಗಂಟು ಕಟ್ಟದಂತೆ ಕದಡಿ, ಕುದಿಸಿ, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಲೋಟಗಳಿಗೆ ಸುರಿಯುವುದು ಸಣ್ಣ ಕೆಲಸವಲ್ಲ. ಅದಕ್ಕಿಂತ ಮುಖ್ಯವಾಗಿ, ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬಂದಿದೆ, ಯಾವುದು ಎರಡು ದಿನದಿಂದ ತಟ್ಟೆಯಲ್ಲಿ ಅನ್ನ ಬಿಟ್ಟು ಮಂಕಾಗಿ ಕೂತಿದೆ ಎಂಬುದು ಸೌಟು ಹಿಡಿದವರ ಕಣ್ಣಿಗೇ ಮೊದಲು ಬೀಳುತ್ತದೆ. ನಮ್ಮೂರ ಶಾಲೆಯಲ್ಲಿ ಒಬ್ಬ ಹುಡುಗಿಯ ಕಣ್ಣು ಹಳದಿಯಾಗಿದ್ದನ್ನು ಗಮನಿಸಿ ಮುಖ್ಯಶಿಕ್ಷಕರಿಗೆ ತಿಳಿಸಿದವರು ಅಡುಗೆಯ ಅಕ್ಕನೇ. ಇಷ್ಟಾಗಿಯೂ ಇವರಿಗೆ ಸಿಗುವುದು ಗೌರವಧನ ಮಾತ್ರ. ಹಾರ, ಶಾಲು ಆ ಕೊರತೆಯನ್ನು ತುಂಬಲಾರವು, ನಿಜ. ಆದರೂ ಮುಂದಿನ ವರ್ಷ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಆಹ್ವಾನ ಪತ್ರಿಕೆಯಲ್ಲಿ ಇವರ ಹೆಸರನ್ನೂ ಅಚ್ಚು ಹಾಕಿಸಲಿ, ಅಂದಿನ ಅಡುಗೆಯನ್ನು ಪೋಷಕರು ವಹಿಸಿಕೊಂಡು ಇವರನ್ನು ಮಕ್ಕಳ ಪಂಕ್ತಿಯಲ್ಲೇ ಕೂರಿಸಿ ಬಡಿಸಲಿ ಎಂದು ಕೋರುತ್ತೇನೆ.