ಎರಡನೇ ಜೋಡಿ ಎಲ್ಲಿಗೆ ಹೋಗಬೇಕು?

ಗ್ಲಾಸ್ಗೋದ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮನೆಯಲ್ಲಿ ಕೂತು ಹೀಟರ್ ಬಿಲ್ ಏರಿಸುವ ಬದಲು ಕುಣಿಯೋಣ ಅಂತ ನಾನೂ ನನ್ನ ಹೆಂಡತಿಯೂ ಚರ್ಚ್ ಹಾಲ್ ಒಂದರ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಕ್ಲಾಸಿಗೆ ಸೇರಿದೆವು. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು, ನಾಲ್ಕು ಜೋಡಿಗೆ ಒಂದು ಸೆಟ್. 1923ರಲ್ಲಿ ಇದೇ ಊರಲ್ಲಿ ಶುರುವಾದ ಸೊಸೈಟಿಯೊಂದು ಹಳೆಯ ಕುಣಿತಗಳನ್ನು ಹುಡುಕಿ, ಯಾವ ಹೆಜ್ಜೆ ಎಷ್ಟು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಸಂಗೀತಕ್ಕೆ ಅಂತ ಬಿಡಿಸಿ ಬರೆದು ಪುಸ್ತಕ ಮಾಡಿದೆ. ಅದನ್ನು ನೋಡಿಕೊಂಡು ಕುಣಿದರೆ ತಲೆನೋವಿಲ್ಲ.

ನಮ್ಮ ಟೀಚರಿಗೆ ತಲೆನೋವು ಬೇಕಿತ್ತು. ಯಾರೂ ಕುಣಿಯದ 18ನೇ ಶತಮಾನದ ಕುಣಿತವೊಂದರ ಜೆರಾಕ್ಸ್ ತಂದರು. ಆ ಕಾಲದಲ್ಲಿ ಇಂಥವನ್ನು ಎಷ್ಟೋ ಜನ ಕೈಯಲ್ಲೇ ಬರೆದಿಡುತ್ತಿದ್ದರು. 1740ರಲ್ಲಿ ಎಡಿನ್‌ಬರೋದಲ್ಲಿ ಹಾಗೆ ಬರೆದ ಡೇವಿಡ್ ಯಂಗ್ ಅಂತೂ ಕೈಬರಹ ಕಲಿಸುವ ಮೇಷ್ಟ್ರೇ. ನಮ್ಮ ಹಾಳೆಯೂ ಅದೇ ಜಾತಿ. ಅಕ್ಷರ ಮುತ್ತಿನ ಹಾಗೆ, ಅರ್ಥ ಮಾತ್ರ ದೇವರಿಗೇ ಪ್ರೀತಿ. ಇಡೀ ಕುಣಿತಕ್ಕೆ ನಾಲ್ಕೇ ಸಾಲು!

‘ನೀನು ಸಾಫ್ಟ್‌ವೇರಿನವನಲ್ವಾ, ಬಿಡಿಸು’ ಅಂತ ನನ್ನ ಕೈಗೆ ಕೊಟ್ಟರು.

ಹಾಳೆಯಲ್ಲಿದ್ದ ‘ಕಾಸ್ಟ್ ಆಫ್’ ಅಂದರೆ ಸಾಲಿನಿಂದ ಹೊರಗಡೆಗೆ ತಿರುಗಿ, ಪಕ್ಕದವರ ಬೆನ್ನ ಹಿಂದಿನಿಂದ ಕೆಳಗಿನ ಜಾಗಕ್ಕೆ ಇಳಿಯುವುದು. ಸುಮ್ನೆ ಮೊಬೈಲಿಗೆ ಕೊಟ್ಟು ಕನ್ನಡ ಮಾಡಿಸಿದೆ. ‘ಮೊದಲ ಜೋಡಿಯನ್ನು ಎರಕ ಹೊಯ್ಯಿರಿ’ ಅಂತು.

ಮುಂದಿನ ವಾರ ಎರಕಕ್ಕೆ ನಾವೇ ನಿಂತೆವು. ಅಕಾರ್ಡಿಯನ್ ಶುರುವಾಯಿತು. ನಾನು ಠೀವಿಯಿಂದ ತಿರುಗಿ ಎರಡನೇ ಜಾಗಕ್ಕೆ ಬಂದರೆ ಅಲ್ಲಿ ಎಪ್ಪತ್ತು ದಾಟಿದ ಅಜ್ಜರೊಬ್ಬರು ಗರುಡಗಂಬದ ಹಾಗೆ ನಿಂತಿದ್ದಾರೆ. ‘ಸರೀರಿ’ ಅಂದೆ. ‘ಹಾಗಂತ ಬರೆದಿಲ್ಲವಲ್ಲ’ ಅಂದರು. ಮೂರನೇ ಜಾಗದಲ್ಲೂ ಜನ, ನಾಲ್ಕನೆಯದರಲ್ಲೂ ಜನ. ರಶ್ ಬಸ್ಸಿನಲ್ಲಿ ಸೀಟು ಹುಡುಕುವವನ ಹಾಗೆ ಹೋಗುತ್ತಾ ಹೋಗುತ್ತಾ ಟೀ ಇಟ್ಟಿದ್ದ ಮೇಜಿನ ತನಕ ಹೋಗಿಬಿಟ್ಟೆ. ಆಚೆ ಸಾಲಿನಿಂದ ಹೆಂಡತಿ ಕೂಗಿದಳು: ‘ರೀ, ಎಲ್ಲಿಗೆ ಹೊರಟ್ರಿ?’

ಆಮೇಲೆ ‘ಹ್ಯಾಂಡ್ಸ್ ರೌಂಡ್’. ಕೈ ಹಿಡಿದು ಸುತ್ತಬೇಕು ಸರಿ, ಎಷ್ಟು ಜನ? ನಾಲ್ವರು ಅಂತ ನಾನು, ಆರು ಜನ ಅಂತ ಟೀಚರ್. ಈ ವಾದ ಮುಗಿಯುವುದರೊಳಗೆ ಐದು ಜನ ಎಡಕ್ಕೆ ಹೊರಟಾಗಿತ್ತು, ನಾನೊಬ್ಬ ಬಲಕ್ಕೆ ಎಳೆಯುತ್ತಿದ್ದೆ. ಕೊನೆಗೆ ಲೆಕ್ಕ ಹಾಕಿದರೆ ರಾಗ 32 ಬಾರ್, ನಮ್ಮ ಕುಣಿತ 24ಕ್ಕೇ ಖಾಲಿ. ಉಳಿದ ಎಂಟು ಬಾರ್ ಎಂಟೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು.

ಟೀ ಕುಡಿಯುವಾಗ ಅಜ್ಜರೇ ಹೇಳಿದರು. ಮೊದಲ ಜೋಡಿ ಇಳಿದರೆ ಎರಡನೆಯದು ಒಂದು ಜಾಗ ಮೇಲೆ ಸರಿಯಬೇಕಂತೆ. ಆಗಿನವರಿಗೆ ಅದು ಗೊತ್ತೇ ಇತ್ತು, ಬರೆಯುವ ಕಷ್ಟ ಯಾಕೆ? (ಹಾಗಾದರೆ ನೀವ್ಯಾಕೆ ಸರಿಯಲಿಲ್ಲ ಅಜ್ಜಾ?)

ಆ ರಾತ್ರಿ ಹಟ ಹಿಡಿದು ಕೂತು, ಮುಂದಿನವರಿಗೆ ಈ ಪಾಡು ಬೇಡ ಅಂತ ಎರಡು ಪುಟ ಬಿಡಿಸಿ ಬರೆದೆ. ಹೆಂಡತಿ ಪೂರ್ತಿ ಓದಿದಳು.

‘ರೀ, ಎರಡನೇ ಜೋಡಿ ಮೇಲೆ ಸರೀಬೇಕು ಅಂತ ಎಲ್ಲೂ ಇಲ್ವಲ್ಲ?’

‘ಅದು ಎಲ್ಲರಿಗೂ ಗೊತ್ತಿರುತ್ತೆ ಬಿಡು’ ಅಂದೆ.