ಟೈಮರ್ ಇಟ್ಟು ಮಲಗಪ್ಪಾ!

ರಾಯಚೂರಿನಲ್ಲಿ ಬೆಳೆದವರಿಗೆ ಫ್ಯಾನ್ ಸದ್ದೇ ಜೋಗುಳ. ರೆಗ್ಯುಲೇಟರ್ ಐದಕ್ಕೆ ತಿರುಗಿಸಿ, ಕದ ಹಾಕಿ ಬಿದ್ದುಕೊಂಡರೆ ಬೆಳಗಿನವರೆಗೆ ಎಚ್ಚರವಿಲ್ಲ. ಕರೆಂಟ್ ಹೋದರಷ್ಟೇ ಎಚ್ಚರ. ಇಂಥ ನಾನು ಕೊರಿಯಾದ ಸುವೊನ್‌ನಲ್ಲಿ ಬಾಡಿಗೆ ರೂಮು ಹಿಡಿದೆ.

ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದರೆ ಜೀವ ಹೋಗುತ್ತದೆ ಅನ್ನುವುದು ಅಲ್ಲಿನ ಹಳೇ ನಂಬಿಕೆ. 1920ರ ದಶಕದಲ್ಲೇ ಅಲ್ಲಿನ ಪತ್ರಿಕೆಯಲ್ಲಿ ಫ್ಯಾನಿನ ಅಪಾಯದ ಬಗ್ಗೆ ಬಂದಿತ್ತು. 2006ರಲ್ಲಿ ಗ್ರಾಹಕರ ರಕ್ಷಣೆಯ ಸರ್ಕಾರಿ ಸಂಸ್ಥೆಯೇ ಬೇಸಿಗೆಯ ಅವಘಡಗಳ ಪಟ್ಟಿಯಲ್ಲಿ ಫ್ಯಾನ್, ಏಸಿಯಿಂದ ಉಸಿರುಗಟ್ಟುವುದನ್ನೂ ಸೇರಿಸಿತ್ತು. ಈಗಿನ ಹುಡುಗರು ಇದನ್ನು ಕೇಳಿ ನಗುತ್ತಾರೆ. ನಮ್ಮ ಮನೆ ಓನರ್ ಹಲ್ಮೊನಿ, ಅಂದರೆ ಅಜ್ಜಿ, ನಗುವವರಲ್ಲ.

ಸಾಮಾನು ತಂದ ದಿನವೇ ಅಜ್ಜಿಯ ಪರಿಚಯವಾಯಿತು. ಎಲ್ಲಕ್ಕಿಂತ ಮೊದಲು ರೈಸ್ ಕುಕ್ಕರ್ ಒಳಗಿಡು ಅಂದರು. ನಾನು ತಕರಾರು ಮಾಡಲಿಲ್ಲ. ಹೊಸ ಮನೆಯಲ್ಲಿ ಹಾಲುಕ್ಕಿಸುವ ಊರಿನವನಿಗೆ ಇದೇನು ಹೊಸದಲ್ವಲ್ಲ! ಜಗಳ ಶುರುವಾಗಿದ್ದು ಫ್ಯಾನಿನಿಂದ.

ಮೊದಲು, ಫ್ಯಾನ್ ಕೋಣೆಯ ಆಮ್ಲಜನಕ ತಿಂದುಬಿಡುತ್ತದೆ ಅಂದರು. ಫ್ಯಾನಿಗೆ ಮೂಗಿಲ್ಲ ಅಜ್ಜಿ, ಇದ್ದ ಗಾಳಿಯನ್ನೇ ಅದು ಆಡಿಸುತ್ತದೆ ಅಂದೆ. ಮರುದಿನ, ಮೈ ತಣ್ಣಗಾಗಿ ಎದೆ ನಿಲ್ಲುತ್ತದೆ ಅಂದರು. ಆಮೇಲೆ, ಮುಖಕ್ಕೆ ಗಾಳಿ ಬಡಿದರೆ ಉಸಿರಾಡಲು ಆಗುವುದಿಲ್ಲ ಅಂತಾಯಿತು. ಒಂದು ವಾದ ಮುರಿದರೆ ಇನ್ನೊಂದು ರೆಡಿ. ಇಂಡಿಯಾದಲ್ಲಿ ಕೋಟಿಗಟ್ಟಲೆ ಜನ ಫ್ಯಾನ್ ಕೆಳಗೇ ಮಲಗುತ್ತಾರಲ್ಲ ಅಂದೆ.

"ನಿಮ್ಮದು ಮೇಲೆ ತೂಗುತ್ತೆ. ಅದು ಬೇರೆ."

ಕೊನೆಗೆ ನನ್ನ ಟೇಬಲ್ ಫ್ಯಾನಿನ ಗುಂಡಿಯನ್ನೇ ತೋರಿಸಿದರು. "ಅಪಾಯ ಇಲ್ಲದಿದ್ರೆ ಕಂಪನಿಯವರು ಸುಮ್ನೆ ಟೈಮರ್ ಯಾಕೆ ಇಡ್ತಾರೆ?" ಟೈಮರ್ ಇಟ್ಟಿದ್ದೇ ನಿಮ್ಮಂಥವರಿಗಾಗಿ ಅನ್ನಲು ನನ್ನ ಹರಕುಮುರುಕು ಕೊರಿಯನ್ ಸಾಲಲಿಲ್ಲ.

ಮಳೆಗಾಲ ಮುಗಿದು ಸೆಕೆ ಶುರುವಾಯಿತು. ರಾತ್ರಿಯಿಡೀ 25 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಅದನ್ನು ಅಲ್ಲಿ ಉಷ್ಣವಲಯದ ರಾತ್ರಿ ಅನ್ನುತ್ತಾರೆ. ರಾಯಚೂರಿನಲ್ಲಿ ಅದಕ್ಕೆ ಚಳಿಗಾಲ ಅನ್ನುತ್ತೇವೆ. ಆದರೆ ಅಲ್ಲಿನ ಸೆಕೆ ಅಂಟು ಸೆಕೆ. ಅಂಥ ಒಂದು ರಾತ್ರಿ ಅಜ್ಜಿ ಕಿಮ್ಚಿ ಕೊಡುವ ನೆಪದಲ್ಲಿ ಬಂದು, ಕಿಟಕಿ ತೆಗೆದು, ಟೈಮರನ್ನು ಒಂದು ಗಂಟೆಗೆ ಇಟ್ಟು ಹೋದರು. ಫ್ಯಾನ್ ನಿಂತಿತು, ನಾನೆದ್ದೆ. ಮತ್ತೆ ಹಾಕಿದೆ. ಅಷ್ಟರಲ್ಲಿ ತೆಗೆದ ಕಿಟಕಿಯಿಂದ ಸೊಳ್ಳೆಗಳು ಗೃಹಪ್ರವೇಶ ಮಾಡಿದ್ದವು.

ಮರುದಿನ ಮೀಟಿಂಗಿನಲ್ಲಿ ತೂಕಡಿಸಿದೆ. ಪಕ್ಕದ ಕೊರಿಯನ್ ಇಂಜಿನಿಯರ್ ಕತೆ ಕೇಳಿ ಬಿದ್ದುಬಿದ್ದು ನಕ್ಕ. ನೀನು ಹೇಗೆ ಮಲಗ್ತೀಯಪ್ಪಾ ಅಂದೆ. "ನಾನಾ? ಟೈಮರ್ ಇಡ್ತೀನಿ. ಇಲ್ಲಾಂದ್ರೆ ಅಮ್ಮ ಬೈತಾರೆ."

ನ್ಯಾಯ ಸಿಗಲಿ ಅಂತ ನಮ್ಮ ಅವ್ವನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿದಳು. "ಹಿರೇರು ಹೇಳ್ಯಾರಂದ್ರ ಕೇಳಬೇಕಪ್ಪ. ಒಂದು ಕಿಟಕಿ ತಗದು ಮಲಗಿದ್ರ ನಿಂದೇನು ಗಂಟು ಹೋಗ್ತದ?" ಈಗ ದಿನಾ ರಾತ್ರಿ ಅಜ್ಜಿ ಕೆಳಗಿನಿಂದ ಕೂಗುತ್ತಾರೆ. ಅದೇ ಹೊತ್ತಿಗೆ ರಾಯಚೂರಿನಿಂದ ವಾಟ್ಸಾಪ್ ಬರುತ್ತದೆ: "ಟೈಮರ್ ಇಟ್ಟಿಯೇನು?"