ರೀಲ್ಸ್ ನೋಡಿ ಬೆಟ್ಟಕ್ಕೆ ನುಗ್ಗೋದಕ್ಕಿಂತ ಜಿಯೋಕ್ಯಾಶಿಂಗ್ ದಾರಿನೇ ಮೇಲು

ನಾವಿರೋ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್‌ನಿಂದ ಸ್ಪೋಕೇನ್ ಕಡೆಗೆ ಐ-90 ಹೈವೇಲಿ ಹೋಗೋರು ಕ್ಯಾಸ್ಕೇಡ್ ಬೆಟ್ಟ ದಾಟಿದ್ಮೇಲೆ ಎಲ್ಲೂ ನಿಲ್ಸಲ್ಲ, ಬರೀ ಒಣ ಬಯಲು ಏನಿದೆ ನೋಡೋಕೆ ಅಂತ ಸೀದಾ ಹೊಡೀತಾರೆ. ಆ ಕಡೆ ನಮಗೆ ಒಳ್ಳೊಳ್ಳೆ ಹೈಕ್ ಸಿಕ್ಕಿದ್ದೆಲ್ಲ ಜಿಯೋಕ್ಯಾಶಿಂಗ್ ಆ್ಯಪ್‌ನಿಂದ.

ಗೊತ್ತಿಲ್ದೋರಿಗೆ ಹೇಳ್ತೀನಿ, ಇದೊಂದು ಹುಡುಕೋ ಆಟ, ಯಾರೋ ಒಬ್ರು ಡಬ್ಬಿ ಬಚ್ಚಿಟ್ಟು ಅದರ ಜಿಪಿಎಸ್ ಲೊಕೇಶನ್ ಆ್ಯಪ್‌ನಲ್ಲಿ ಹಾಕ್ತಾರೆ, ಹುಡುಕಿದೋರು ಒಳಗಿನ ಚೀಟೀಲಿ ಹೆಸರು ಬರೆದು ಮತ್ತೆ ಅಲ್ಲೇ ಇಡಬೇಕು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗೋ ಜಿಪಿಎಸ್ ಸಿಗ್ನಲ್‌ನ ನಿಖರತೆನ ಬೇಕಂತ್ಲೇ ಕೆಡಿಸೋದನ್ನ ನಿಲ್ಲಿಸ್ತು, ಮಾರನೇ ದಿನಾನೇ ಆರೆಗಾನ್‌ನಲ್ಲಿ ಡೇವ್ ಉಲ್ಮರ್ ಅನ್ನೋರು ಇಂಥ ಮೊದಲ ಡಬ್ಬಿಯಾಗಿ ಒಂದು ಬಕೆಟ್ ಇಟ್ರು. ಆ್ಯಪ್‌ನಲ್ಲಿ ಪ್ರತಿ ಡಬ್ಬಿಯ ಪೇಜಲ್ಲೂ ಹುಡುಕೋದು ಎಷ್ಟು ಕಷ್ಟ, ನಡೆಯೋ ದಾರಿ ಎಷ್ಟು ಕಷ್ಟ ಅಂತ 1ರಿಂದ 5ರವರೆಗೆ ಎರಡು ನಂಬರ್ ಇರುತ್ತೆ, ವಯಸ್ಸಾದೋರು ಜೊತೆಗಿದ್ರೆ ಇದು ಬಹಳ ಅನುಕೂಲ.

ಊರಿಂದ ಅಮ್ಮ ಬಂದಿದ್ದಾಗ ವಾಂಟೇಜ್ ಹತ್ರ ಫ್ರೆಂಚ್‌ಮನ್ ಕೂಲೀ ಅನ್ನೋ ಕಣಿವೆಗೆ ಹೋದ್ವಿ. ಸುಮಾರು 1.5 ಕೋಟಿ ವರ್ಷದ ಹಿಂದಿನ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ಸೀಳಿದೆ, ಆಮೇಲೆ ಹಿಮಯುಗದ ಕೊನೇಲಿ ಬಂದ ಮಹಾಪ್ರವಾಹಗಳು ಕಣಿವೆನ ಕೊರೆದಿವೆ. ಆ್ಯಪ್‌ನಲ್ಲಿ ಆ ಜಾಗದ ಪೇಜಲ್ಲಿ ಡಬ್ಬಿ ಬದಲು ಕಂಬಕ್ಕೆ ಎಷ್ಟು ಮುಖ ಎಣಿಸಿ ಅಂತ ಪ್ರಶ್ನೆ ಇತ್ತು, ಅಮ್ಮ ಬಿಸಿಲಿಗೆ ಕಾದ ಕಲ್ಲಿನ ಅಂಚು ಸವರ್ತಾ ಐದು, ಆರು ಅಂತ ಎಣಿಸ್ತಾ ನಿಂತ್ಲು, ಆಮೇಲೆ "ನಮ್ಮ ಮಲ್ಪೆ ದ್ವೀಪದಲ್ಲೂ ಹಿಂಗೇ ಇದ್ಯಲ್ಲೋ" ಅಂದ್ಲು. ಹೌದು, ಸೇಂಟ್ ಮೇರೀಸ್ ದ್ವೀಪದ್ದೂ ಲಾವಾ ಕಂಬಗಳೇ, ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅನ್ನೋ ಮಾನ್ಯತೆನೂ ಇದೆ. ಆದ್ರೆ ದೋಣಿ ಇಳಿದು ಫೋಟೋ ತೆಗೆದು ವಾಪಸ್ ಬರೋ ಎಷ್ಟು ಜನ ಆ ಕಂಬದ ಹತ್ರ ಹೋಗಿ ಕೈ ಇಟ್ಟು ನೋಡಿರ್ತಾರೆ?

ನನಗೆ ಬೇಜಾರಾಗೋದು ಇಲ್ಲೇ. ನಮ್ಮ ಕಡೆ ಈಗ ಜಾಗ ಆರಿಸಿಕೊಡೋದು ರೀಲ್ಸು, ಅದು ಎಲ್ರನ್ನೂ ಒಂದೇ ವೀಕೆಂಡಿಗೆ ಒಂದೇ ಬೆಟ್ಟಕ್ಕೆ ಕಳಿಸುತ್ತೆ. 2024ರ ಜನವರೀಲಿ ಕುಮಾರಪರ್ವತಕ್ಕೆ ಎಷ್ಟು ಜನ ನುಗ್ಗಿದ್ರು ಅಂದ್ರೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ಸ್ವಲ್ಪ ಕಾಲ ನಿಲ್ಲಿಸಬೇಕಾಯ್ತು. ಜಿಯೋಕ್ಯಾಶಲ್ಲಿ ಹಾಗಲ್ಲ, ಆ ಜಾಗನ ಹತ್ತಾರು ಸಲ ಸುತ್ತಿದೋರು ಯಾರೋ ಪ್ರೀತಿಯಿಂದ ಆರಿಸಿ, ಎಲ್ಲಿ ಗಾಡಿ ನಿಲ್ಲಿಸ್ಬೇಕು ಏನು ಗಮನಿಸ್ಬೇಕು ಅಂತ ಬರೆದಿರ್ತಾರೆ.

ಪಶ್ಚಿಮ ಘಟ್ಟದ ಕಾಡಲ್ಲಿ ಡಬ್ಬಿ ಇಡಿ ಅಂತ ನಾನು ಹೇಳ್ತಿಲ್ಲ, ಅದು ಬೇಡವೇ ಬೇಡ, ಇಲ್ಲಿ ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲೂ ಸಾಮಾನ್ಯವಾಗಿ ಡಬ್ಬಿಗೆ ಅನುಮತಿ ಇಲ್ಲ. ಅದಕ್ಕೇ 2004ರಿಂದ ಅರ್ಥ್‌ಕ್ಯಾಶ್ ಅಂತ ಬಂದಿದೆ, ಏನೂ ಇಡೋ ಹಾಗಿಲ್ಲ, ಹೋಗಿ ಬಂಡೆ ನೋಡಿ ಪ್ರಶ್ನೆಗೆ ಉತ್ತರ ಕಳಿಸ್ಬೇಕು ಅಷ್ಟೇ. ಮಲ್ಪೆ, ಯಾಣ, ಸಾವನದುರ್ಗ, ಲಾಲ್‌ಬಾಗಿನ 300 ಕೋಟಿ ವರ್ಷದ ಬಂಡೆ, ಎಲ್ಲಕ್ಕೂ ಇದು ಹೊಂದುತ್ತೆ. ಊರಲ್ಲಿ ಜಿಯಾಲಜಿ ಓದ್ತಿರೋ ಹುಡುಗ ಹುಡುಗೀರೇ, ಯಾರಾದ್ರೂ ಬರೀರಪ್ಪ, ಕನ್ನಡದಲ್ಲೇ ಬರೀರಿ, ಮುಂದಿನ ಸಲ ಬಂದಾಗ ಅಮ್ಮನ್ನ ಕರ್ಕೊಂಡು ನಿಮ್ಮ ಪ್ರಶ್ನೆಗೆ ಉತ್ತರ ಹುಡುಕೋಕೆ ನಾವೇ ಬರ್ತೀವಿ.